ಅಲಿಯ ಐದು ಸೋಲು: ಮಿದುಳಿನ ಲೆಕ್ಕವೇ ಬೇರೆ

ಮುಹಮ್ಮದ್ ಅಲಿ ವೃತ್ತಿಪರ ಬಾಕ್ಸಿಂಗ್‌ನಲ್ಲಿ ಆಡಿದ್ದು 61 ಪಂದ್ಯ. ಗೆದ್ದದ್ದು 56, ಸೋತದ್ದು ಐದೇ ಐದು. ಕ್ರೀಡಾಪುಟಕ್ಕೆ ಇಷ್ಟು ಸಾಕು. ಆದರೆ ಆ ಸೋಲುಗಳನ್ನು ವೈದ್ಯನ ಕಣ್ಣಿನಿಂದ ನೋಡಿದರೆ ಬೇರೆಯದೇ ಕಥೆ ಕಾಣುತ್ತದೆ. ಮೊದಲ ಮೂರು ಆಟದ ಸೋಲು. ಕೊನೆಯ ಎರಡು, ನನ್ನ ಅಭಿಪ್ರಾಯದಲ್ಲಿ, ವೈದ್ಯಕೀಯದ ಸೋಲು.

1971ರ ಮಾರ್ಚ್ 8ರಂದು ನ್ಯೂಯಾರ್ಕ್‌ನಲ್ಲಿ ಜೋ ಫ್ರೇಜಿಯರ್ ಎದುರು ಅಲಿ ಮೊದಲ ಬಾರಿ ಸೋತ. ತಮಾಷೆಯೆಂದರೆ, ಆಸ್ಪತ್ರೆಯಲ್ಲಿ ಹೆಚ್ಚು ದಿನ ಮಲಗಿದವನು ಗೆದ್ದ ಫ್ರೇಜಿಯರ್! 1973ರ ಮಾರ್ಚ್‌ನಲ್ಲಿ ಕೆನ್ ನಾರ್ಟನ್ ಅಲಿಯ ದವಡೆ ಮುರಿದ. ಮುರಿದ ದವಡೆಯಲ್ಲೇ 12 ಸುತ್ತು ಮುಗಿಸಿ ಅಲಿ ಸೋತ. ಶಸ್ತ್ರಚಿಕಿತ್ಸೆಯಾಯಿತು, ಮೂಳೆ ಕೂಡಿತು, ಸೆಪ್ಟೆಂಬರ್‌ನಲ್ಲಿ ಅದೇ ನಾರ್ಟನ್‌ನನ್ನು ಸೋಲಿಸಿದ. 1978ರ ಫೆಬ್ರುವರಿಯಲ್ಲಿ ಹೊಸಬ ಲಿಯಾನ್ ಸ್ಪಿಂಕ್ಸ್‌ಗೆ ಸೋತು, ಏಳು ತಿಂಗಳಲ್ಲಿ ಪ್ರಶಸ್ತಿ ಮರಳಿ ಪಡೆದ.

ಮುರಿದ ಮೂಳೆ ಕೂಡುತ್ತದೆ. ಮಿದುಳಿನ ವಿಷಯ ಹಾಗಲ್ಲ. ಮಡಕೆಯಲ್ಲಿ ಹೆಪ್ಪುಗಟ್ಟಿದ ಮೊಸರನ್ನು ನೆನೆಸಿಕೊಳ್ಳಿ. ಮಡಕೆಯನ್ನು ಗಕ್ಕನೆ ತಿರುಗಿಸಿದರೆ ಮಡಕೆ ಒಡೆಯುವುದಿಲ್ಲ, ಒಳಗಿನ ಮೊಸರು ಒಡೆಯುತ್ತದೆ. ದವಡೆಗೆ ಗುದ್ದು ಬಿದ್ದಾಗ ತಲೆ ಹೀಗೆಯೇ ತಿರುಗುತ್ತದೆ. ಮಿದುಳಿನ ಸೂಕ್ಷ್ಮ ನರತಂತುಗಳು ಜಗ್ಗುತ್ತವೆ, ಕೆಲವು ಹರಿಯುತ್ತವೆ. ರಕ್ತ ಬರುವುದಿಲ್ಲ, ನೋವೂ ಇರದು. ಗುದ್ದು ತಿಂದವನು ಗೆದ್ದನೋ ಸೋತನೋ ಎಂಬುದು ಮಿದುಳಿಗೆ ಗೊತ್ತಾಗುವುದಿಲ್ಲ. ಅಲಿ ತಿಂದ ಅತಿ ಕೆಟ್ಟ ಏಟುಗಳಲ್ಲಿ ಹಲವು ಅವನು ಗೆದ್ದ ಪಂದ್ಯಗಳವು. 1975ರಲ್ಲಿ ಮನಿಲಾದಲ್ಲಿ ಫ್ರೇಜಿಯರ್ ವಿರುದ್ಧ 14 ಸುತ್ತು, 1977ರಲ್ಲಿ ಅರ್ನಿ ಶೇವರ್ಸ್ ವಿರುದ್ಧ 15 ಸುತ್ತು.

ಶೇವರ್ಸ್ ಪಂದ್ಯದ ನಂತರ ಅಲಿಯ ವೈದ್ಯ ಫರ್ಡಿ ಪಚೆಕೊ ಒಂದು ಪ್ರಯೋಗಾಲಯ ವರದಿಯನ್ನು ಅಲಿಗೆ, ಆತನ ಪತ್ನಿಗೆ, ಮ್ಯಾನೇಜರ್‌ಗೆ ಕಳಿಸಿದರು. ಮೂತ್ರಪಿಂಡ ಹಾಳಾಗುತ್ತಿದೆ, ಇನ್ನು ಸಾಕು ಎಂಬುದು ಅದರ ಸಾರ. ಯಾರಿಂದಲೂ ಉತ್ತರ ಬರಲಿಲ್ಲ. ಪಚೆಕೊ ತಂಡ ಬಿಟ್ಟರು.

ನಾಲ್ಕನೆಯ ಸೋಲಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಿವೃತ್ತನಾಗಿದ್ದ ಅಲಿ 38ನೆಯ ವಯಸ್ಸಿನಲ್ಲಿ, 1980ರ ಅಕ್ಟೋಬರ್ 2ರಂದು, ಲಾಸ್ ವೇಗಸ್‌ನಲ್ಲಿ ಲ್ಯಾರಿ ಹೋಮ್ಸ್‌ನನ್ನು ಎದುರಿಸಿದ. ಅದಕ್ಕೆ ಮೊದಲು ಮೇಯೊ ಕ್ಲಿನಿಕ್‌ನಲ್ಲಿ ತಪಾಸಣೆ ನಡೆದಿತ್ತು. ಮಾತು ತುಸು ತೊದಲುತ್ತಿತ್ತು, ಒಂಟಿಕಾಲಲ್ಲಿ ಕುಪ್ಪಳಿಸುವಾಗ ಚುರುಕು ಕಡಿಮೆಯಾಗಿತ್ತು. ಇವೆಲ್ಲ ವರದಿಯಲ್ಲಿದ್ದರೂ ಪಂದ್ಯ ತಡೆಯುವಂಥದ್ದು ಏನೂ ಇಲ್ಲವೆಂದು ತೀರ್ಮಾನವಾಯಿತು, ಪರವಾನಗಿ ಸಿಕ್ಕಿತು. ಸಾಲದ್ದಕ್ಕೆ ಇನ್ನೊಬ್ಬ ವೈದ್ಯರು ಥೈರಾಯ್ಡ್ ಮಾತ್ರೆ ಬರೆದುಕೊಟ್ಟಿದ್ದರು. ಬೇಡದ ದೇಹಕ್ಕೆ ಈ ಹಾರ್ಮೋನು ಹೋದರೆ ತೂಕ ಇಳಿಯುತ್ತದೆ ನಿಜ. ಜೊತೆಗೆ ಎದೆಬಡಿತ ಏರುತ್ತದೆ, ಸ್ನಾಯುಗಳು ಸೋಲುತ್ತವೆ, ಮೈ ಕಾಯುತ್ತದೆ. (ತೆಳ್ಳಗಾಗಲೆಂದು ಈ ಮಾತ್ರೆ ನುಂಗುವವರು ನಮ್ಮಲ್ಲೂ ಇದ್ದಾರೆ, ದಯವಿಟ್ಟು ಗಮನಿಸಿ.) ರಿಂಗ್‌ಗೆ ಬಂದ ಅಲಿ ನೋಡಲು ತರುಣನಂತೆ ತೆಳ್ಳಗಿದ್ದ, ಕೈ ಎತ್ತಲು ಶಕ್ತಿಯಿರಲಿಲ್ಲ. ಒಂದು ಸುತ್ತನ್ನೂ ಗೆಲ್ಲಲಿಲ್ಲ. ಹತ್ತು ಸುತ್ತು ಮುಗಿದ ಮೇಲೆ ತರಬೇತುದಾರ ಏಂಜೆಲೊ ಡಂಡಿ ಪಂದ್ಯ ನಿಲ್ಲಿಸಿದರು.

ಇಷ್ಟಾದ ಮೇಲೂ ಐದನೆಯದು ನಡೆಯಿತು! ಅಮೆರಿಕದಲ್ಲಿ ಪರವಾನಗಿ ಕಷ್ಟವಾದಾಗ 1981ರ ಡಿಸೆಂಬರ್ 11ರಂದು ಬಹಾಮಾಸ್‌ನ ನಸ್ಸೌನಲ್ಲಿ ಟ್ರೆವರ್ ಬರ್ಬಿಕ್ ವಿರುದ್ಧ ಪಂದ್ಯ ಏರ್ಪಟ್ಟಿತು. ಸರಿಯಾದ ಗಂಟೆಯೂ ಇರದೆ ಹಸುವಿನ ಕೊರಳಗಂಟೆ ಬಾರಿಸಿದರು. ಹತ್ತು ಸುತ್ತು ಗುದ್ದು ತಿಂದು ಸೋತ ಅಲಿ ಮತ್ತೆ ರಿಂಗ್ ಹತ್ತಲಿಲ್ಲ. 1984ರಲ್ಲಿ, 42ರ ವಯಸ್ಸಿಗೆ, ಪಾರ್ಕಿನ್ಸನ್ ಲಕ್ಷಣಗಳಿವೆಯೆಂದು ವೈದ್ಯರು ಹೇಳಿದರು. ತೀರಿಕೊಂಡದ್ದು 2016ರ ಜೂನ್ 3ರಂದು.

ಗುದ್ದುಗಳಿಂದಲೇ ಪಾರ್ಕಿನ್ಸನ್ ಬಂತೆಂದು ಜನ ಹೇಳುತ್ತಾರೆ. ಅಷ್ಟು ಖಚಿತವಾಗಿ ಹೇಳಲಾಗದು. ಅಲಿಯನ್ನು ಪರೀಕ್ಷಿಸಿದ್ದ ನರತಜ್ಞರು 2022ರಲ್ಲಿ, ಅದು ಚಿಕ್ಕ ವಯಸ್ಸಿಗೇ ಬಂದ ಸಾಮಾನ್ಯ ಪಾರ್ಕಿನ್ಸನ್ ಇರಬೇಕೆಂದು ಬರೆದಿದ್ದಾರೆ. ಇರಬಹುದು. ಆಗಲೂ ಪ್ರಶ್ನೆ ಉಳಿಯುತ್ತದೆ: ಕಾಯಿಲೆ ಆಗಲೇ ಶುರುವಾಗಿದ್ದ ಮಿದುಳಿಗೆ ಇನ್ನಷ್ಟು ಗುದ್ದು ತಿನ್ನಲು ಪರವಾನಗಿ ಕೊಟ್ಟದ್ದು ಸರಿಯೇ?

ಬಾಕ್ಸಿಂಗನ್ನೇ ನಿಷೇಧಿಸಿ ಎಂದು 1980ರ ದಶಕದಲ್ಲಿ ಅಮೆರಿಕ, ಬ್ರಿಟನ್ನಿನ ವೈದ್ಯ ಸಂಘಗಳು ಒತ್ತಾಯಿಸಿದವು. ನಾನು ಒಪ್ಪುವುದಿಲ್ಲ. ಒಂದೂರಲ್ಲಿ ಬಾಗಿಲು ಮುಚ್ಚಿದರೆ ಆಟ ನಸ್ಸೌಗೆ ಹೋಗುತ್ತದೆ. ಒಂದು ಕಡೆ ತಡೆದ ಬಾಕ್ಸರ್‌ಗೆ ಇನ್ನೊಂದು ಕಡೆ ಅವಕಾಶ ಸಿಗಬಾರದು. ಅಮೆರಿಕ 1996ರಲ್ಲಿ ಕಾಯಿದೆ ಮಾಡಿ, ಒಂದು ರಾಜ್ಯ ಆರೋಗ್ಯದ ಕಾರಣಕ್ಕೆ ತಡೆದವನನ್ನು ಇನ್ನೊಂದು ರಾಜ್ಯ ಆಡಿಸದಂತೆ ಮಾಡಿತು. ದೇಶಗಳ ನಡುವೆಯೂ ಇದು ಬೇಕು. ಇನ್ನು, ಬಾಕ್ಸರನ್ನು ಪರೀಕ್ಷಿಸುವ ವೈದ್ಯನಿಗೆ ಪಂದ್ಯ ಏರ್ಪಡಿಸಿದವನು ಸಂಬಳ ಕೊಡಬಾರದು.

ಮಗ, ಮಗಳನ್ನು ಬಾಕ್ಸಿಂಗ್ ಕಲಿಯಲು ಕಳಿಸುವ ತಂದೆತಾಯಿಯರು ತಲೆಗವಸನ್ನೇ ನೆಚ್ಚಬೇಡಿ. ಅದು ಚರ್ಮ ಹರಿಯುವುದನ್ನು ತಡೆಯುತ್ತದೆ, ತಲೆ ತಿರುಗುವುದನ್ನು ತಡೆಯುವುದಿಲ್ಲ. ತಲೆಗೆ ಏಟು ಬಿದ್ದ ದಿನ ಮಗು ಮಂಕಾಗಿದ್ದರೆ, ತಲೆನೋವು ಎಂದರೆ, ಈಗಷ್ಟೇ ನಡೆದದ್ದು ನೆನಪಿಲ್ಲದಿದ್ದರೆ ಆಟ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತೋರಿಸಿ. ವಾಂತಿ, ವಿಪರೀತ ನಿದ್ದೆ, ಫಿಟ್ಸ್ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ವೈದ್ಯರು ಒಪ್ಪುವವರೆಗೆ, ಟೂರ್ನಮೆಂಟ್ ಮುಂದಿನ ವಾರವೇ ಇದ್ದರೂ, ಗ್ಲೌಸ್ ತೊಡಿಸಬೇಡಿ.