ಗೃಹಧರ್ಮ: ನೆರೆಮನೆಯ ನಗೆ



ದೂರದ ವೈರಿಯ ನಿಂದೆಯನ್ನು ಸಹಿಸುವುದು ಅಷ್ಟೇನೂ ಕಷ್ಟವಲ್ಲ. ಅವನು ಹೋದರೆ ಅವನ ಮಾತೂ ಹೋಯಿತು. ಆದರೆ ಪಕ್ಕದ ಜಗಲಿಯ ಮೇಲೆ ಕುಳಿತು ನಗುವವನ ನಗೆಯು ದಿನಬೆಳಗಾದರೆ ಕಿವಿಗೆ ಬೀಳುವುದು. ಅವನ ಮುಖವನ್ನು ನೋಡದೆ ನಮಗೆ ವಿಧಿಯಿಲ್ಲ. ಅವನ ಮನೆಯ ಶುಭಾಶುಭಗಳಿಗೆ ಹೋಗದೆ ಗತಿಯಿಲ್ಲ. “ಇಷ್ಟು ಪೂಜೆ ಮಾಡಿದೆಯಲ್ಲಾ, ನಿನ್ನ ದೇವರು ನಿನಗೆ ಕೊಟ್ಟುದೇನು?” ಎಂದು ಅವನು ಕೇಳಿದಾಗ ಭಕ್ತನಾದ ಗೃಹಸ್ಥನು ಏನು ಮಾಡಬೇಕು?

ಪುಣೆಯ ಸಮೀಪದಲ್ಲಿ, ಇಂದ್ರಾಯಣೀ ತೀರದ ದೇಹೂ ಗ್ರಾಮದಲ್ಲಿ, ಹದಿನೇಳನೆಯ ಶತಮಾನದಲ್ಲಿ ಬಾಳಿದ ತುಕಾರಾಮನಿಗೆ ಈ ಪ್ರಶ್ನೆಯು ಬರಿಯ ಮಾತಾಗಿರಲಿಲ್ಲ. ಆತನದು ವ್ಯಾಪಾರಸ್ಥರ ಮನೆತನ. 1630ರ ಸುಮಾರಿನ ಘೋರಕ್ಷಾಮದಲ್ಲಿ ವ್ಯಾಪಾರವು ಮುಳುಗಿತು, ಹಿರಿಯ ಹೆಂಡತಿಯು ಅನ್ನವಿಲ್ಲದೆ ಮಡಿದಳು, ಮಗನೂ ತೀರಿಹೋದನು. ದಿವಾಳಿಯಾದವನೆಂದು ಜನರು ಹಳಿದರು. ಅಂಥ ಹೊತ್ತಿನಲ್ಲಿ ಆತನು ಹಾಳುಬಿದ್ದ ವಿಠ್ಠಲನ ಗುಡಿಯನ್ನು ನೆಟ್ಟಗೆ ಮಾಡಿ, ಅಲ್ಲಿ ಕೀರ್ತನೆಗೆ ನಿಂತನು. ನಮ್ಮ ಹರಿದಾಸರ ಅಂಕಿತಗಳಲ್ಲಿ ನೆಲಸಿರುವ ವಿಠ್ಠಲನೇ ಆತನ ದೈವವೂ ಆಗಿದ್ದನು.

ಆ ಗುಡಿಯ ಬಳಿಯಲ್ಲಿಯೇ ಮಂಬಾಜಿಯೆಂಬ ಗೋಸಾವಿಯ ವಾಸ. ಶೂದ್ರನ ಬಾಯಿಂದ ಜನರು ಉಪದೇಶವನ್ನು ಕೇಳುವರೆಂಬುದು ಅವನಿಗೆ ಸಹಿಸದಾಯಿತು. ಅವನ ದ್ವೇಷವು ಕಟ್ಟುಕಥೆಯಲ್ಲ. ತುಕಾರಾಮನನ್ನು ಗುರುವೆಂದು ನಂಬಿ ದೇಹೂವಿಗೆ ಬಂದ ಬಹಿಣಾಬಾಯಿಯು ತಾನೂ ಅವನಿಂದ ಪಟ್ಟ ಬಾಧೆಯನ್ನು ಆತ್ಮಕಥನದಲ್ಲಿ ಹೇಳಿಕೊಂಡಿದ್ದಾಳೆ.

ಮುಂದಿನ ಪ್ರಸಂಗವು ಮಹೀಪತಿಯು ಬರೆದ ಸಂತಚರಿತ್ರೆಯದು. ತುಕಾರಾಮನ ಮನೆಯ ಎಮ್ಮೆಯು ಒಮ್ಮೆ ಮಂಬಾಜಿಯ ತೋಟವನ್ನು ಹೊಕ್ಕಿತು. ಬೇಲಿಯ ಮುಳ್ಳು ಪ್ರದಕ್ಷಿಣೆಯ ದಾರಿಯಲ್ಲಿ ಹರಡಿತ್ತು. ಏಕಾದಶಿಗೆ ಬರುವ ಯಾತ್ರಿಕರ ಕಾಲಿಗೆ ಚುಚ್ಚೀತೆಂದು ತುಕಾರಾಮನು ಅದನ್ನು ತೆಗೆದುಹಾಕಲು, ಮಂಬಾಜಿಯು ಮುಳ್ಳಿನ ಕೋಲಿನಿಂದಲೇ ಆತನನ್ನು ಹೊಡೆದನು. ಆ ರಾತ್ರಿ ಕೀರ್ತನೆಗೆ ಮಂಬಾಜಿಯು ಬರಲಿಲ್ಲ. ಹೊಡೆಸಿಕೊಂಡವನೇ ಹೊಡೆದವನ ಮನೆಗೆ ಹೋಗಿ, “ನನ್ನನ್ನು ಹೊಡೆದು ನಿಮ್ಮ ಕೈ ನೊಂದಿತು” ಎಂಬ ಭಾವದಿಂದ ಅವನ ಮೈಯನ್ನು ಒತ್ತಿ, ಕೀರ್ತನೆಗೆ ಕರೆತಂದನಂತೆ.

ಇಲ್ಲಿ ಗಮನಿಸತಕ್ಕುದು ಬರಿಯ ತಾಳ್ಮೆಯಲ್ಲ. ತುಕಾರಾಮನು ಕೀರ್ತನೆಯನ್ನು ನಿಲ್ಲಿಸಲಿಲ್ಲ, ನೆರೆತನವನ್ನೂ ಬಿಡಲಿಲ್ಲ. ನಗುವವರಿಗೆ ಅಂಜಿ ಪೂಜೆಯನ್ನು ಬಿಡುವುದು ಒಂದು ಸೋಲು. ಪೂಜೆಯ ಅಭಿಮಾನದಿಂದ ನೆರೆಯವನನ್ನು ಹಗೆಯುವುದು ಅದಕ್ಕಿಂತಲೂ ದೊಡ್ಡ ಸೋಲು.

ಆದರೆ ನಿಂದೆಯನ್ನೆಲ್ಲ ಪುಣ್ಯವೆಂದು ಎಣಿಸಲೂ ಬಾರದು. ನಮ್ಮ ನಡತೆಯಲ್ಲಿ ಕುಂದಿದ್ದು ನೆರೆಯವರು ನಕ್ಕರೆ, ಅದನ್ನು ತಿದ್ದಿಕೊಳ್ಳುವುದೇ ಭಕ್ತಿ. ಕುಂದಿಲ್ಲದಿದ್ದರೆ ಆ ನಗೆಗೆ ಉತ್ತರವನ್ನು ಹುಡುಕಬೇಕಾಗಿಲ್ಲ. ಸಂಜೆಯ ದೀಪವನ್ನು ಎಂದಿನಂತೆ ಹಚ್ಚಿರಿ. ನೆರೆಮನೆಯಲ್ಲಿ ಕಾಯಿಲೆಯೆಂದು ಕೇಳಿದರೆ, ಎಲ್ಲರಿಗಿಂತ ಮೊದಲು ನೀವೇ ಹೋಗಿರಿ.