ಗುರಿ ಕಲಿಯಲು ಗುಂಡು ಬೇಕೆ?

2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಸ್ವಪ್ನಿಲ್ ಕುಸಾಳೆ ಕಂಚಿನ ಪದಕ ಗೆದ್ದರು. ಕೊಲ್ಹಾಪುರ ಜಿಲ್ಲೆಯ ರಾಧಾನಗರಿ ತಾಲೂಕಿನ ಹಳ್ಳಿಯವರು ಅವರು. ಅದೇ ಕೊಲ್ಹಾಪುರದ ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್‌ನಲ್ಲಿ ವಿಶ್ವ ಚಾಂಪಿಯನ್ ಆದವರು. ಅಲ್ಲಿಯವರೇ ಆದ ರಾಹಿ ಸರ್ನೋಬತ್ 2018ರ ಏಷ್ಯನ್ ಕ್ರೀಡಾಕೂಟದಲ್ಲಿ 25 ಮೀಟರ್ ಪಿಸ್ತೂಲು ಸ್ಪರ್ಧೆಯ ಚಿನ್ನ ಗೆದ್ದರು. ಬೆಳಗಾವಿಯಿಂದ ಕೊಲ್ಹಾಪುರ ಸುಮಾರು 110 ಕಿಲೋಮೀಟರ್ ದೂರ. ಮಣ್ಣು ಅದೇ, ಮಳೆ ಅದೇ, ಕಬ್ಬಿನ ಗದ್ದೆಯೂ ಅದೇ. ಆದರೂ ಆ ಮಟ್ಟದ ಶೂಟಿಂಗ್ ಪದಕಗಳ ಪಟ್ಟಿಯಲ್ಲಿ ನಮ್ಮ ಜಿಲ್ಲೆಯ ಹೆಸರಿಲ್ಲ. ಕರ್ನಾಟಕಕ್ಕೆ ಈ ಕ್ರೀಡೆಯಲ್ಲಿ ಕೀರ್ತಿ ತಂದ ಪಿ.ಎನ್. ಪ್ರಕಾಶ್, ಟಿ.ಎಸ್. ದಿವ್ಯಾ ಇಬ್ಬರೂ ಬೆಂಗಳೂರಿನವರು.

ಬೆಳಗಾವಿಗೆ ಬಂದೂಕು ಅಪರಿಚಿತವೇನಲ್ಲ. ಮರಾಠಾ ಲಘು ಪದಾತಿದಳದ ಕೇಂದ್ರ ಇಲ್ಲಿದೆ; ಕಮಾಂಡೋ ತರಬೇತಿಯೂ ಇಲ್ಲಿಯೇ ನಡೆಯುತ್ತದೆ. ಕ್ಯಾಂಪ್ ಪ್ರದೇಶದ ಸುತ್ತ ಬೆಳೆದ ಮಕ್ಕಳಿಗೆ ದೂರದ ಗುಂಡಿನ ಸದ್ದು ಶಾಲೆಯ ಗಂಟೆಯಷ್ಟೇ ರೂಢಿ. ಆದರೆ ಸೈನ್ಯದ ಗುರಿ ಮೈದಾನ ಸೈನ್ಯಕ್ಕೆ ಮೀಸಲು. ನಾಗರಿಕರ ಮಕ್ಕಳು ಎಲ್ಲಿ ಕಲಿಯಬೇಕು ಎಂದು ಕೇಳಿದರೆ ದೊರೆಯುವ ಉತ್ತರ ಒಂದೇ: ‘ರೇಂಜ್ ಕಟ್ಟಬೇಕು, ಅನುದಾನ ಬರಬೇಕು.’ ಇದು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಪಿಸ್ತೂಲು ಸ್ಪರ್ಧೆಯ ಕೌಶಲದ ಬಹುಪಾಲನ್ನು ಮನೆಯ ಗೋಡೆಯ ಮುಂದೆಯೇ ಸಿದ್ಧಿಸಿಕೊಳ್ಳಬಹುದು. ಹಾಗೆ ಕಲಿಯುವವರನ್ನು ನಾವು ಸಂಶಯದಿಂದ ನೋಡುವುದನ್ನು ಬಿಟ್ಟು, ಅವರಿಗೆ ಸ್ಪಷ್ಟವಾದ ನಿಯಮ ಹೇಳಿಕೊಡಬೇಕು ಎಂಬುದು ನನ್ನ ವಾದ.

10 ಮೀಟರ್ ಏರ್ ಪಿಸ್ತೂಲು ಸ್ಪರ್ಧೆಯನ್ನೇ ತೆಗೆದುಕೊಳ್ಳಿ. ಒಂದೇ ಕೈಯಲ್ಲಿ, ಯಾವ ಆಸರೆಯೂ ಇಲ್ಲದೆ, ಪಿಸ್ತೂಲನ್ನು ಚಾಚಿ ಹಿಡಿಯಬೇಕು. ಗುರಿಯ ಕಪ್ಪು ವೃತ್ತದ ವ್ಯಾಸ 59.5 ಮಿಲಿಮೀಟರ್, ಹತ್ತು ಅಂಕದ ನಡುವೃತ್ತ ಕೇವಲ 11.5 ಮಿಲಿಮೀಟರ್, ಅಂಗಿಯ ಗುಂಡಿಯಷ್ಟು. ಅರುವತ್ತು ಹೊಡೆತಗಳಿಗೆ ಒಂದೂಕಾಲು ಗಂಟೆ. ಇಲ್ಲಿ ಕೈ ಅಲುಗಾಡದವರು ಯಾರೂ ಇಲ್ಲ. ಒಲಿಂಪಿಕ್ಸ್ ವಿಜೇತರ ಕೈಯೂ ಅಲುಗುತ್ತದೆ. ಆ ಅಲುಗಾಟದ ನಡುವೆಯೇ ಹಿಂದಿನ ಮತ್ತು ಮುಂದಿನ ಸೈಟುಗಳನ್ನು ಒಂದೇ ರೇಖೆಯಲ್ಲಿ ಉಳಿಸಿಕೊಂಡು, ಕುದುರೆ ಎಂದು ನಮ್ಮ ಹಿರಿಯರು ಕರೆಯುತ್ತಿದ್ದ ಟ್ರಿಗರನ್ನು ಜರ್ಕು ಕೊಡದೆ ಹಿಂದಕ್ಕೆ ಸರಿಸುವುದೇ ಇಡೀ ವಿದ್ಯೆ. ಹೊಸಬರ ಕಣ್ಣು ಗುರಿಯತ್ತ ಓಡುತ್ತದೆ. ಕಲಿತವರ ಕಣ್ಣು ಮುಂದಿನ ಸೈಟಿನ ಮೇಲೆ ನಿಂತು ಗುರಿಯನ್ನು ಮಸುಕಾಗಿಯೇ ಬಿಡುತ್ತದೆ. ಗುಂಡು ಹೊರಬಿದ್ದ ಮೇಲೂ ಒಂದೆರಡು ಕ್ಷಣ ಅದೇ ನಿಲುವಿನಲ್ಲಿ ಇರಬೇಕು. ಇವುಗಳಲ್ಲಿ ಯಾವುದನ್ನು ಕಲಿಯಲೂ ಗುಂಡು ಅನಿವಾರ್ಯವಲ್ಲ.

ಅದಕ್ಕಾಗಿಯೇ ಶೂಟರ್‌ಗಳು ಖಾಲಿ ಪಿಸ್ತೂಲಿನ ಅಭ್ಯಾಸಕ್ಕೆ ಗಂಟೆಗಟ್ಟಲೆ ಸಮಯ ಕೊಡುತ್ತಾರೆ. ಐದು ಮೀಟರಿನ ಪಡಸಾಲೆಯಿದ್ದರೆ, ಗುರಿಯ ಚಿತ್ರವನ್ನು ಅರ್ಧಕ್ಕೆ ಕುಗ್ಗಿಸಿ ಗೋಡೆಗೆ ಅಂಟಿಸಿದಾಗ ಕಣ್ಣಿಗೆ ಹತ್ತು ಮೀಟರಿನ ನೋಟವೇ ದೊರೆಯುತ್ತದೆ. 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾ ಅವರಿಗೆ ಅವರ ತಂದೆ ಮನೆಯಲ್ಲಿಯೇ ರೇಂಜ್ ಕಟ್ಟಿಸಿಕೊಟ್ಟಿದ್ದರು. ಎಲ್ಲರಿಗೂ ಅದು ಸಾಧ್ಯವಿಲ್ಲ, ನಿಜ. ಆದರೆ 2020ರ ಲಾಕ್‌ಡೌನ್ ಕಾಲದಲ್ಲಿ ರೇಂಜುಗಳೆಲ್ಲ ಮುಚ್ಚಿದಾಗ ಸಾಮಾನ್ಯರ ಕೋಣೆಗಳೂ ಅಭ್ಯಾಸದ ಸ್ಥಳಗಳಾದವು. ಮಾಜಿ ಶೂಟರ್ ಶಿಮೋನ್ ಶರೀಫ್ ಅದೇ ವರ್ಷದ ಏಪ್ರಿಲ್‌ನಲ್ಲಿ ಆನ್‌ಲೈನ್ ಮೂಲಕ ಅಂತರರಾಷ್ಟ್ರೀಯ ಸ್ಪರ್ಧೆಯನ್ನೇ ಏರ್ಪಡಿಸಿದ್ದರು. ಅದರಲ್ಲಿ ಭಾಗವಹಿಸಿದ ಮನು ಭಾಕರ್ ನಾಲ್ಕು ವರ್ಷಗಳ ನಂತರ ಪ್ಯಾರಿಸ್‌ನಲ್ಲಿ ಎರಡು ಕಂಚು ಗೆದ್ದರು. ಆ ಪದಕಗಳಿಗೆ ಮನೆಯ ಅಭ್ಯಾಸವೇ ಕಾರಣವೆಂದು ನಾನು ಹೇಳುತ್ತಿಲ್ಲ. ಮನೆಯ ಅಭ್ಯಾಸವನ್ನು ಬಲ್ಲವರು ಹಗುರವಾಗಿ ನೋಡುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಖಾಲಿ ಪಿಸ್ತೂಲಿಗೂ ನಿಜವಾದ ಪಿಸ್ತೂಲಿಗೂ ನಡುವೆ ಮತ್ತೊಂದು ಸಾಧನವಿದೆ. ಅದೇ ಏರ್‌ಸಾಫ್ಟ್. 1970ರ ದಶಕದಲ್ಲಿ ಜಪಾನಿನಲ್ಲಿ ಹುಟ್ಟಿದ ಇದು ನಿಜವಾದ ಪಿಸ್ತೂಲಿನ ಆಕಾರ, ಹಿಡಿತಗಳನ್ನು ಅನುಕರಿಸುತ್ತದೆ. ಆದರೆ ಸಿಡಿಸುವುದು 6 ಮಿಲಿಮೀಟರಿನ ಪ್ಲಾಸ್ಟಿಕ್ ಮಣಿಯನ್ನು. 0.2 ಗ್ರಾಂ ತೂಕದ ಮಣಿ ಸೆಕೆಂಡಿಗೆ ನೂರು ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಒಂದು ಜೂಲ್. ಜಪಾನಿನಲ್ಲಿ ಸಾಮಾನ್ಯ ನಾಗರಿಕನಿಗೆ ಕೈಬಂದೂಕು ದೊರೆಯುವುದು ಅಸಾಧ್ಯವೆನ್ನುವಷ್ಟು ಕಷ್ಟ. ಆ ದೇಶದ ತಾತ್ಸುಯಾ ಸಕಾಯ್ ಎಂಬಾತ ಬಹುತೇಕ ಏರ್‌ಸಾಫ್ಟ್‌ನಲ್ಲಿಯೇ ಪಳಗಿ, ಉಕ್ಕಿನ ಫಲಕಗಳನ್ನು ಅತಿ ಕಡಿಮೆ ಸಮಯದಲ್ಲಿ ಹೊಡೆಯುವ ಅಮೆರಿಕದ ‘ಸ್ಟೀಲ್ ಚಾಲೆಂಜ್’ ಸ್ಪರ್ಧೆಯನ್ನು 2004ರಲ್ಲಿ ಗೆದ್ದ. ಬಂದೂಕಿನ ನಾಡಿಗೆ ಆಟಿಕೆಯ ನಾಡಿನಿಂದ ಬಂದವನು ಪ್ರಶಸ್ತಿ ಹೊತ್ತೊಯ್ದದ್ದು ಶೂಟಿಂಗ್ ಲೋಕದಲ್ಲಿ ಇಂದಿಗೂ ಚರ್ಚೆಯ ವಸ್ತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಏರ್‌ಸಾಫ್ಟ್ ಹೆಚ್ಚು ಒಗ್ಗುವುದು ಓಡುತ್ತ, ತಿರುಗುತ್ತ ಹಲವು ಗುರಿಗಳನ್ನು ಹೊಡೆಯುವ ವೇಗದ ಸ್ಪರ್ಧೆಗಳಿಗೆ. ಒಲಿಂಪಿಕ್ಸ್ ಮಾದರಿಯ ಏರ್ ಪಿಸ್ತೂಲಿಗೆ ಅದು ಪರ್ಯಾಯವಲ್ಲ. ಹತ್ತು ಮೀಟರ್ ದೂರದಲ್ಲಿ ಆ ಹಗುರ ಮಣಿ ಅಂಗಿಯ ಗುಂಡಿಯಷ್ಟು ಜಾಗದಲ್ಲಿ ಮತ್ತೆ ಮತ್ತೆ ಬೀಳುವುದಿಲ್ಲ. ಅಂಕ ಎಣಿಸಲು ಹೊರಟವರಿಗೆ ನಿರಾಶೆಯೇ ಗತಿ. ಟ್ರಿಗರಿನ ಭಾರವೂ ಬೇರೆ. ನಿಲುವು, ಹಿಡಿತ, ಸೈಟಿನ ಮೇಲಿನ ದೃಷ್ಟಿ, ಟ್ರಿಗರಿನ ನಯ, ಇವಿಷ್ಟನ್ನು ಐದು ಮೀಟರ್ ದೂರದಲ್ಲಿ ಕಲಿಯಲು ಮಾತ್ರ ಅದು ಸಾಕು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನ ಕಣ್ಣಿಗೆ ಇದರಲ್ಲಿ ಕಾಣುವುದು ಮತ್ತೊಂದು ಸಂಗತಿ. ಸ್ಪರ್ಧಾ ದರ್ಜೆಯ ವಿದೇಶಿ ಏರ್ ಪಿಸ್ತೂಲಿನ ಬೆಲೆ ಲಕ್ಷ ರೂಪಾಯಿಯನ್ನು ಮೀರುತ್ತದೆ. ಮಗುವಿಗೆ ಈ ಕ್ರೀಡೆಯಲ್ಲಿ ಒಲವಿದೆಯೇ ಇಲ್ಲವೇ ಎಂದು ತಿಳಿಯುವ ಮೊದಲೇ ಅಷ್ಟು ಹಣ ಹೂಡಲು ಖಾನಾಪುರದ ರೈತನಿಗಾಗಲಿ, ಶಹಾಪುರದ ನೇಕಾರನಿಗಾಗಲಿ ಸಾಧ್ಯವಿಲ್ಲ. ಮಣಿಯದ್ದಾದರೆ ಪೈಸೆಗಳ ಲೆಕ್ಕ. ಆರಂಭದ ವೆಚ್ಚ ತಗ್ಗಿದಷ್ಟೂ ಪ್ರಯತ್ನಿಸುವವರ ಸಂಖ್ಯೆ ಹೆಚ್ಚುತ್ತದೆ. ಪ್ರತಿಭೆ ಸಿಗುವುದು ಆ ಸಂಖ್ಯೆಯೊಳಗಿಂದಲೇ.

ಇನ್ನು ಕಾನೂನು. 1959ರ ಆಯುಧ ಕಾಯ್ದೆಯಡಿ ರೂಪಿಸಿದ 2016ರ ನಿಯಮಗಳ ಪ್ರಕಾರ, ನಳಿಗೆಯ ವ್ಯಾಸ 4.5 ಮಿಲಿಮೀಟರ್ ಹಾಗೂ ಶಕ್ತಿ 20 ಜೂಲ್ ಮೀರದ ಏರ್‌ಗನ್ನಿಗೆ ಪರವಾನಗಿ ಬೇಕಿಲ್ಲ. ಸ್ಪರ್ಧೆಯ ಏರ್ ಪಿಸ್ತೂಲು ಈ ಮಿತಿಯೊಳಗೆ ಸುಲಭವಾಗಿ ಬರುತ್ತದೆ. ಅದರ ಶಕ್ತಿ ಐದಾರು ಜೂಲ್ ಮಾತ್ರ. ಆದರೆ ಏರ್‌ಸಾಫ್ಟ್‌ನ ಮಣಿಯ ಗಾತ್ರ 6 ಮಿಲಿಮೀಟರ್. ನಿಯಮದ ಅಕ್ಷರ ಹಿಡಿದರೆ ವ್ಯಾಸದ ಲೆಕ್ಕದಲ್ಲಿ ಅದು ಮಿತಿ ಮೀರಿದ್ದು. ಶಕ್ತಿಯ ಲೆಕ್ಕದಲ್ಲಿ ಮಿತಿಯ ಇಪ್ಪತ್ತನೇ ಒಂದು ಭಾಗ. ಹಕ್ಕಿಯನ್ನು ಕೊಲ್ಲಬಲ್ಲ ಏರ್‌ಗನ್ ನಿರಾತಂಕ, ಪ್ಲಾಸ್ಟಿಕ್ ಮಣಿಯ ಪಿಸ್ತೂಲು ಅನುಮಾನಾಸ್ಪದ! ಅಂಗಡಿಯವನು ಅದನ್ನು ಆಟಿಕೆಯೆಂದು ಮಾರುತ್ತಾನೆ, ಠಾಣೆಯವರು ನೋಡಿದರೆ ಬೇರೆಯೇ ಹೆಸರು ಹೇಳುತ್ತಾರೆ. ಕೊಳ್ಳುವವನ ಪಾಡು ನಡುವೆ.

ಸೇವೆಯಲ್ಲಿದ್ದಾಗ ಬಂದೂಕು ಪರವಾನಗಿಯ ಕಡತಗಳು ನನ್ನ ಮೇಜಿನ ಮೇಲೂ ಹಾದುಹೋಗಿವೆ. ಖಾನಾಪುರದಂಥ ಕಾಡಂಚಿನ ತಾಲೂಕುಗಳ ಅರ್ಜಿಗಳಲ್ಲಿ ಕಾಡುಹಂದಿಯ ಪ್ರಸ್ತಾಪ ತಪ್ಪುತ್ತಿರಲಿಲ್ಲ. ಬೆಳೆರಕ್ಷಣೆಗೆಂದು ಮುಂದಿನಿಂದ ಮದ್ದು ತುಂಬುವ ಬಂದೂಕು ಕೊಡಲು ಕಾಯ್ದೆಯೇ ಅವಕಾಶ ಮಾಡಿದೆ. ನಗರದ ಅರ್ಜಿಗಳಲ್ಲಿ ‘ಆತ್ಮರಕ್ಷಣೆ’. ‘ಕ್ರೀಡೆ’ ಎಂದು ಬರೆದ ಅರ್ಜಿ ಅಪರೂಪಕ್ಕೆ ಬಂದಾಗ ಗುಮಾಸ್ತರಿಂದ ಮೇಲಿನವರೆಗೆ ಎಲ್ಲರಿಗೂ ಅದು ನೆಪವೆಂದೇ ತೋರುತ್ತಿತ್ತು. ನಮ್ಮ ಆಡಳಿತಕ್ಕೆ ಬಂದೂಕು ಎಂದರೆ ಹಂದಿ, ಹಗೆ ಮತ್ತು ಚುನಾವಣೆ. ಚುನಾವಣೆ ಘೋಷಣೆಯಾದೊಡನೆ ಬಂದೂಕುಗಳನ್ನು ಠಾಣೆಗೆ ಒಪ್ಪಿಸಿಕೊಂಡು ರಸೀದಿ ಕೊಡುವುದರಲ್ಲಿ ನಾವು ನಿಷ್ಣಾತರು. 2019ರ ತಿದ್ದುಪಡಿ ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿದಾಗ ಕ್ರೀಡಾಪಟುಗಳಿಗೆ ಪ್ರತ್ಯೇಕ ರಿಯಾಯಿತಿ ಉಳಿಸಿತು. ಆದರೆ ಅದು ಈಗಾಗಲೇ ಹೆಸರು ಮಾಡಿದವರಿಗೆ ನೆರವಾದೀತು. ಇನ್ನೂ ಹೆಜ್ಜೆಯಿಡುತ್ತಿರುವ ಮಗುವಿಗೆ ಅಲ್ಲ.

ಸಂಶಯಕ್ಕೆ ಕಾರಣವೇ ಇಲ್ಲ ಎನ್ನಲಾರೆ. ಕಳೆದ ವರ್ಷ ನಮ್ಮ ಟಿಳಕವಾಡಿಯಲ್ಲಿ ಕಾಲೇಜು ಹುಡುಗನೊಬ್ಬ ಮಹಡಿಯ ಮೇಲೆ ಏರ್‌ಸಾಫ್ಟ್ ಹಿಡಿದು ಅಭ್ಯಾಸ ಮಾಡುತ್ತಿದ್ದಾಗ ಎದುರು ಮನೆಯವರು ಹೆದರಿ ಪೊಲೀಸರಿಗೆ ಫೋನ್ ಮಾಡಿದರು. ಬಂದ ಪೇದೆ ವಿವೇಕಿ. ಬೈದು, ಒಳಗೆ ಹೋಗಿ ಅಭ್ಯಾಸ ಮಾಡೆಂದು ಹೇಳಿ ಹೋದ. ಎಲ್ಲ ಕಡೆಯೂ ಹೀಗೇ ಆಗುವುದಿಲ್ಲ. 2014ರ ನವೆಂಬರ್‌ನಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಉದ್ಯಾನವೊಂದರಲ್ಲಿ ತಮೀರ್ ರೈಸ್ ಎಂಬ ಹನ್ನೆರಡು ವರ್ಷದ ಬಾಲಕ ಏರ್‌ಸಾಫ್ಟ್ ಪಿಸ್ತೂಲಿನೊಡನೆ ಆಡುತ್ತಿದ್ದ. ಆಟಿಕೆಯೆಂದು ತಿಳಿಸುವ ಕಿತ್ತಳೆ ಬಣ್ಣದ ತುದಿ ಅದಕ್ಕೆ ಇರಲಿಲ್ಲ. ಬಂದಿಳಿದ ಪೊಲೀಸ್ ಕ್ಷಣಮಾತ್ರದಲ್ಲಿ ಗುಂಡು ಹಾರಿಸಿದ; ಬಾಲಕ ಮರುದಿನ ಸತ್ತ. ಗಡಿಯ ಗದ್ದಲ, ಮೆರವಣಿಗೆ, ಬಂದೋಬಸ್ತುಗಳು ಆಗಾಗ ನಡೆಯುವ ನಮ್ಮ ನಗರದಲ್ಲಿ ನಿಜದಂತೆ ಕಾಣುವ ಪಿಸ್ತೂಲು ಬೀದಿಗೆ ಬರುವುದನ್ನು ನಾನಂತೂ ಒಪ್ಪಲಾರೆ. ಮನೆಯೊಳಗಿನ ಸಾಧನ ಮನೆಯೊಳಗೇ ಇರಬೇಕು. ಒಯ್ಯಲೇಬೇಕಾದರೆ ಮುಚ್ಚಿದ ಪೆಟ್ಟಿಗೆಯಲ್ಲಿ, ನಳಿಗೆಯ ತುದಿಗೆ ಎದ್ದು ಕಾಣುವ ಬಣ್ಣ ಬಳಿದು ಒಯ್ಯಬೇಕು. ಈ ವಿಷಯದಲ್ಲಿ ಪೊಲೀಸರು ಕಟ್ಟುನಿಟ್ಟಾಗಿ ನಡೆದುಕೊಂಡರೆ ನನ್ನ ಆಕ್ಷೇಪವಿಲ್ಲ.

ಖಾನಾಪುರದ ಮಾತು ಸ್ವಲ್ಪ ಬೇರೆ. ಅಲ್ಲಿನ ಭೀಮಗಡ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಜಾಂಬೋಟಿ, ಕಣಕುಂಬಿ ಕಡೆಯ ಮನೆಗಳಲ್ಲಿ ಹುಡುಗರ ಕೈಗೆ ಏರ್‌ಗನ್ ಕೊಟ್ಟರೆ ಅದು ಗೋಡೆಯ ಕಾಗದವನ್ನಷ್ಟೇ ನೋಡುತ್ತಿರುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ಹಕ್ಕಿ, ಅಳಿಲುಗಳ ಸಂಹಾರ ತಡೆಯಲು ಅರುಣಾಚಲ ಪ್ರದೇಶದಲ್ಲಿ 2021ರಿಂದ ಏರ್‌ಗನ್‌ಗಳನ್ನು ಜನರೇ ಒಪ್ಪಿಸುವ ಅಭಿಯಾನ ನಡೆಸಬೇಕಾಯಿತು. ಕಾಡಂಚಿನ ಮನೆಯಲ್ಲಿ ಅಭ್ಯಾಸಕ್ಕೆ ಒಂದು ಜೂಲಿನ ಏರ್‌ಸಾಫ್ಟೇ ಮೇಲು ಎಂದು ನಾನು ಹೇಳುವುದು ಈ ಕಾರಣಕ್ಕೆ. ಕಣ್ಣಿಗೆ ಮಾತ್ರ ಅದೂ ಅಪಾಯಕಾರಿ. ರಕ್ಷಣೆಯ ಕನ್ನಡಕವಿಲ್ಲದೆ ಮುಟ್ಟಕೂಡದು. ಹಿಂದೆ ದಪ್ಪ ಬಟ್ಟೆ ಇಳಿಬಿಟ್ಟ ರಟ್ಟಿನ ಪೆಟ್ಟಿಗೆಯೇ ಗುರಿ. ಬಿದ್ದ ಮಣಿಗಳನ್ನು ಸಂಜೆಯೊಳಗೆ ಗುಡಿಸಿ ತೆಗೆಯಬೇಕು, ಇಲ್ಲವಾದರೆ ಅಂಗಳದ ಕೋಳಿಗಳು ಕಾಳೆಂದು ನುಂಗಿಯಾವು.

ಆದರೆ ಮನೆಯ ಅಭ್ಯಾಸಕ್ಕೆ ಒಂದು ದೊಡ್ಡ ಕೊರತೆಯಿದೆ: ತಪ್ಪನ್ನು ತೋರಿಸುವವರಿಲ್ಲ. ಮಣಿಕಟ್ಟು ಬಾಗಿದ್ದರೆ ಅದನ್ನೇ ಸಾವಿರ ಸಲ ಮಾಡಿ ಗಟ್ಟಿಮಾಡಿಕೊಳ್ಳುತ್ತೇವೆ. ನನಗೆ ಪರಿಚಯವಿರುವ ಖಾನಾಪುರದ ಶಿಕ್ಷಕರೊಬ್ಬರ ಮಗಳು ವಾರಕ್ಕೊಮ್ಮೆ ಬೆಳಗಾವಿಗೆ ಬಸ್ಸಿನಲ್ಲಿ ಬಂದು, ಬಲ್ಲವರೊಬ್ಬರಿಂದ ತಿದ್ದಿಸಿಕೊಂಡು ಹೋಗುತ್ತಾಳೆ. ಉಳಿದ ಆರು ದಿನ ಪಡಸಾಲೆಯ ಗೋಡೆಯೇ ಗುರು. ಹೋಗಿ ಬರುವುದರಲ್ಲಿ ಅರ್ಧ ದಿನ ಕಳೆಯುತ್ತದೆ. ತರಬೇತುದಾರರೇ ವಾರಕ್ಕೊಮ್ಮೆ ತಾಲೂಕಿಗೆ ಹೋದರೆ ಒಬ್ಬಳ ಬದಲು ಇಪ್ಪತ್ತು ಮಕ್ಕಳು ಕಲಿಯಬಹುದಲ್ಲವೆ?

ಇದಕ್ಕೆ ಕೋಟಿಗಳ ಯೋಜನೆ ಬೇಡ. ಪ್ರತಿ ಚಳಿಗಾಲದ ಅಧಿವೇಶನಕ್ಕೆ ಸುವರ್ಣ ವಿಧಾನಸೌಧಕ್ಕೆ ಬರುವ ಸಚಿವರ ಮುಂದೆ ‘ಅಂತರರಾಷ್ಟ್ರೀಯ ದರ್ಜೆಯ ರೇಂಜ್’ ಎಂಬ ಬೇಡಿಕೆ ಇಟ್ಟು, ಶಂಕುಸ್ಥಾಪನೆಯ ಕಲ್ಲಿಗಾಗಿ ಕಾಯುವುದಕ್ಕಿಂತ ಶಾಲೆಯ ಸಭಾಂಗಣವೊಂದನ್ನು ಸಂಜೆ ಎರಡು ಗಂಟೆ ಬಿಡಿಸಿಕೊಳ್ಳುವುದು ಲೇಸು. ಏರ್ ಪಿಸ್ತೂಲಿಗೆ ಬೇಕಾದದ್ದು ಹತ್ತು ಮೀಟರ್ ಉದ್ದದ ಕೋಣೆ, ಗುಂಡು ತಡೆಯುವ ಪೆಟ್ಟಿಗೆಗಳು, ಒಂದೇ ಬಾಗಿಲು, ಒಬ್ಬ ಜವಾಬ್ದಾರಿಯುತ ವ್ಯಕ್ತಿ. ಕ್ರೀಡಾ ಇಲಾಖೆ ಮೂರು ನಾಲ್ಕು ಪಿಸ್ತೂಲುಗಳನ್ನು ಕೊಂಡು ಬೀಗದೊಳಗಿಟ್ಟರೆ ಹತ್ತಾರು ಮಕ್ಕಳು ಸರದಿಯ ಮೇಲೆ ಬಳಸಬಹುದು. ಮನೆಯಲ್ಲಿ ಯಾವುದನ್ನು ಇಟ್ಟುಕೊಳ್ಳಬಹುದು, ಯಾವುದಕ್ಕೆ ಪರವಾನಗಿ ಬೇಕು, ಹೇಗೆ ಸಾಗಿಸಬೇಕು ಎಂಬುದನ್ನು ಜಿಲ್ಲಾಡಳಿತ ಒಂದು ಪುಟದಲ್ಲಿ, ಕನ್ನಡ ಮತ್ತು ಮರಾಠಿ ಎರಡರಲ್ಲಿಯೂ ಅಚ್ಚು ಹಾಕಿಸಿ ಠಾಣೆ, ಶಾಲೆಗಳಿಗೆ ಹಂಚಲಿ. ಏರ್‌ಸಾಫ್ಟ್‌ನ ಬಗ್ಗೆ ವ್ಯಾಸವನ್ನು ಬಿಟ್ಟು ಶಕ್ತಿಯನ್ನೇ ಅಳತೆಗೋಲಾಗಿಸುವಂತೆ ನಿಯಮ ತಿದ್ದುವುದು ಕೇಂದ್ರ ಗೃಹ ಸಚಿವಾಲಯದ ಕೆಲಸ. ಅದನ್ನು ಕೇಳಿ ಪತ್ರ ಬರೆಯುವುದು ರಾಜ್ಯದ ಕೆಲಸ. ಪತ್ರ ಹೋಗಿ ಉತ್ತರ ಬರುವುದಕ್ಕೆ ಎಷ್ಟು ಕಾಲ ಹಿಡಿಯುತ್ತದೆಂಬುದನ್ನು ಬಲ್ಲವನಾದ್ದರಿಂದ, ಅಲ್ಲಿಯವರೆಗೆ ಸಭಾಂಗಣದ ಕೆಲಸವನ್ನಾದರೂ ಈ ಶೈಕ್ಷಣಿಕ ವರ್ಷದಲ್ಲಿಯೇ ಖಾನಾಪುರದಿಂದ ಆರಂಭಿಸಲಿ ಎನ್ನುತ್ತೇನೆ.