ಗೆಳೆಯನಿಗಾಗಿ ಕಾಯಿದೆಯೋ, ಕಾಯಿದೆಗಾಗಿ ಗೆಳೆಯನೋ?

ನಮ್ಮ ಸಂಘದ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಒಂದು ಚರ್ಚೆ ಎದ್ದಿತು. ತರುಣ ಮಿತ್ರರೊಬ್ಬರು, "ತೈವಾನಿನ ಪರವಾಗಿ ಅಮೆರಿಕ ಒಂದು ಕಾಯಿದೆಯನ್ನೇ ಮಾಡಿದೆ. ತೈವಾನಿನವರು ನಮ್ಮ ಕೋಲಾರದಲ್ಲಿ, ದೇವನಹಳ್ಳಿಯಲ್ಲಿ ಬಂಡವಾಳ ಹೂಡಿದ್ದಾರೆ. ನಮ್ಮ ಪಾರ್ಲಿಮೆಂಟೂ ಅಂಥದೊಂದು ಕಾಯಿದೆ ಮಾಡಬಾರದೇಕೆ?" ಎಂದು ಕೇಳಿದರು. ಹಲವರು ತಲೆದೂಗಿದರು. ನಾನು ತಲೆದೂಗಲಿಲ್ಲ. ಕಾರಣ ಹೇಳುವಷ್ಟರಲ್ಲಿ ಹೋಳಿಗೆ ಬಡಿಸುವವರು ಬಂದರು, ಮಾತು ಅಲ್ಲಿಗೇ ನಿಂತಿತು. ಆ ಉಳಿದ ಮಾತನ್ನು ಇಲ್ಲಿ ಮುಗಿಸುತ್ತೇನೆ.

ಮೊದಲು ಆ ಕಾಯಿದೆಯಲ್ಲಿ ಏನಿದೆ ನೋಡೋಣ. 2020ರ ಮಾರ್ಚ್ 26ರಂದು ಅಧ್ಯಕ್ಷ ಟ್ರಂಪ್ ಅದಕ್ಕೆ ಸಹಿ ಹಾಕಿದರು. 'ತೈಪೆ ಕಾಯಿದೆ' ಎಂಬುದು ಅದರ ಚಿಕ್ಕ ಹೆಸರು. ತೈವಾನಿನೊಡನೆ ಸಂಬಂಧ ಬಲಪಡಿಸಿಕೊಂಡ ರಾಷ್ಟ್ರಗಳೊಡನೆ ಅಮೆರಿಕ ತನ್ನ ವ್ಯವಹಾರವನ್ನು ಹೆಚ್ಚಿಸುವ ಬಗ್ಗೆ ಯೋಚಿಸಬೇಕು. ತೈವಾನಿನ ಭದ್ರತೆಗೋ ಏಳಿಗೆಗೋ ದೊಡ್ಡ ಧಕ್ಕೆ ತಂದವರೊಡನೆ ಆ ವ್ಯವಹಾರವನ್ನು 'ಬದಲಿಸುವ' ಬಗ್ಗೆ ಯೋಚಿಸಬೇಕು - ಇದು ಅದರ ಸಾರ. 'ಬದಲಿಸುವುದು' ಎಂಬ ಮೃದು ಶಬ್ದದ ಅರ್ಥ ನೆರವಿಗೆ ಕೈಯೊಡ್ಡುವ ದೇಶಕ್ಕೆ ಚೆನ್ನಾಗಿ ತಿಳಿಯುತ್ತದೆ. ಇದೆಲ್ಲವೂ ಅಮೆರಿಕದ ವಿದೇಶನೀತಿಯ ಹಿತಕ್ಕೆ ಹೊಂದಿಕೊಂಡಿರಬೇಕು ಎಂಬ ಮಾತನ್ನೂ ಸೇರಿಸಲು ಕಾಯಿದೆ ಮಾಡಿದವರು ಮರೆತಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಸೊಗಸಾಗಿದೆ. 1979ರ ಜನವರಿ 1ರಂದು ತೈವಾನಿನ ಸರಕಾರದ ಮಾನ್ಯತೆಯನ್ನು ಕೈಬಿಟ್ಟು ಬೀಜಿಂಗಿನ ಕೈಹಿಡಿದದ್ದು ಇದೇ ಅಮೆರಿಕ. ಅದರ ರಾಯಭಾರಿ ಇಂದಿಗೂ ಇರುವುದು ಬೀಜಿಂಗಿನಲ್ಲಿ. ಆದರೆ ಪನಾಮಾ, ಡೊಮಿನಿಕನ್ ಗಣರಾಜ್ಯ, ಎಲ್ ಸಾಲ್ವಡಾರ್‌ಗಳು 2017-18ರಲ್ಲಿ ಅದೇ ಹಾದಿ ತುಳಿದಾಗ, ಅಲ್ಲಿನ ತನ್ನ ರಾಯಭಾರ ಕಚೇರಿಗಳ ಮುಖ್ಯಸ್ಥರನ್ನು ಸಮಾಲೋಚನೆಗೆಂದು ವಾಷಿಂಗ್ಟನ್ನಿಗೆ ಕರೆಸಿಕೊಂಡು ಮುನಿಸು ತೋರಿತು. ತಾನು ಮಾಡಿದರೆ ರಾಜನೀತಿ, ಚಿಕ್ಕವನು ಮಾಡಿದರೆ ದ್ರೋಹ!

ಫಲವಾದರೂ ಸಿಕ್ಕಿತೇ? ಸಹಿ ಬೀಳುವಾಗ ತೈವಾನಿಗೆ ಮಾನ್ಯತೆ ಕೊಟ್ಟ ರಾಷ್ಟ್ರಗಳು 15. 2021ರಲ್ಲಿ ನಿಕರಾಗುವಾ, 2023ರಲ್ಲಿ ಹೊಂಡುರಾಸ್, 2024ರ ಜನವರಿಯಲ್ಲಿ ನೌರು ಬಿಟ್ಟುಹೋದವು. ಆಗ ಉಳಿದದ್ದು 12.

ನನಗೆ ತೈವಾನಿನ ಬಗ್ಗೆ ಅನಾದರವಿಲ್ಲ. ತಮ್ಮ ಸರಕಾರವನ್ನು ತಾವೇ ಆರಿಸಿಕೊಳ್ಳುವ, ದುಡಿದು ಮೇಲೆ ಬಂದ ಸುಮಾರು 2 ಕೋಟಿ 30 ಲಕ್ಷ ಜನ ಅವರು. ಚೀನಾದ ಹಣ ಮತ್ತು ಒತ್ತಡ ಅವರ ಗೆಳೆಯರನ್ನು ಒಬ್ಬೊಬ್ಬರನ್ನಾಗಿ ಎಳೆದುಕೊಂಡಿರುವುದೂ ನಿಜ. ಆದರೆ ಒಬ್ಬರ ಬೆದರಿಕೆಗೆ ಇನ್ನೊಬ್ಬರ ಬೆದರಿಕೆ ಮದ್ದಲ್ಲ. ನಮ್ಮ ತಾಯಂದಿರು ಸಂಕ್ರಾಂತಿಗೆ ಇಲ್ಲಿನ ಮರಾಠಿ ಮನೆಗಳಿಗೆ ಹಳದಿ-ಕುಂಕುಮಕ್ಕೆ ಹೋಗುತ್ತಾರೆ. ಪರಸ್ಥಳದಿಂದ ಬಂದ ನಮಗೆ ಆ ಕರೆಯ ಬೆಲೆ ಗೊತ್ತು. ಗಲ್ಲಿಯ ದೊಡ್ಡ ಮನೆಯವನು, "ಇವರನ್ನು ಕರೆಯಿರಿ, ಇಲ್ಲವಾದರೆ ನಿಮಗೆ ನೀರು ಕೊಡುವುದಿಲ್ಲ" ಎಂದು ಹೆದರಿಸಿದ್ದರಿಂದ ಆ ಕರೆ ಬಂದಿದ್ದರೆ, ಅವರ ಎಳ್ಳು-ಬೆಲ್ಲ ನಮ್ಮ ಗಂಟಲಲ್ಲಿ ಇಳಿಯುತ್ತಿತ್ತೇ?

ದೊಡ್ಡವನು 'ಗೆಳೆಯ'ನ ಹೊರಸಂಬಂಧಗಳನ್ನು ನೋಡಿಕೊಳ್ಳುತ್ತೇನೆಂದರೆ ಏನಾಗುತ್ತದೆ ಎಂಬುದಕ್ಕೆ ವಾಷಿಂಗ್ಟನ್ನಿನವರೆಗೆ ಹೋಗಬೇಕಿಲ್ಲ. ನಮ್ಮ ರೈಲು ನಿಲ್ದಾಣದ ಬಳಿ ಸೀತಾಬರ್ಡಿಯ ಗುಡ್ಡವಿದೆ. 1816ರಲ್ಲಿ ನಾಗಪುರದ ಭೋಂಸಲೆಯವರು ಈಸ್ಟ್ ಇಂಡಿಯಾ ಕಂಪನಿಯೊಡನೆ ಸಹಾಯಕ ಸೈನ್ಯದ ಒಪ್ಪಂದಕ್ಕೆ ಒಳಗಾದರು. ಮರುವರ್ಷವೇ ಆ ಗುಡ್ಡದ ಮೇಲೆ ಯುದ್ಧವಾಯಿತು, ಸೋತವರು ಭೋಂಸಲೆಯವರು. 1853ರಲ್ಲಿ ಮೂರನೆಯ ರಘೂಜಿ ಮಕ್ಕಳಿಲ್ಲದೆ ತೀರಿಕೊಂಡದ್ದೇ ತಡ, ಡಾಲ್‌ಹೌಸಿ ರಾಜ್ಯವನ್ನೇ ನುಂಗಿದ. ಮೈಸೂರಿನ ಕತೆ ನಮಗೆ ತಿಳಿದದ್ದೇ. 1799ರಲ್ಲಿ ಐದು ವರ್ಷದ ಮಗು ಮುಮ್ಮಡಿ ಕೃಷ್ಣರಾಜರನ್ನು ಸಿಂಹಾಸನದಲ್ಲಿ ಕೂರಿಸಿ, ಕಂಪನಿಗೆ ತಿಳಿಸದೆ ಬೇರೆ ರಾಜ್ಯದೊಡನೆ ಪತ್ರವ್ಯವಹಾರವನ್ನೂ ಮಾಡಬಾರದೆಂದು ಕಟ್ಟುಮಾಡಿದರು. 1831ರಲ್ಲಿ ಆಡಳಿತವನ್ನೇ ಕಿತ್ತುಕೊಂಡರು. ಅದು ಅರಸರಿಗೆ ಹಿಂದಿರುಗಲು 50 ವರ್ಷ ಬೇಕಾಯಿತು. ಅಮೆರಿಕ ಇಂದು ಈಸ್ಟ್ ಇಂಡಿಯಾ ಕಂಪನಿಯೆಂದು ನಾನು ಹೇಳುತ್ತಿಲ್ಲ. ಆದರೆ ಹಂಗಿನ ಸ್ನೇಹದ ರುಚಿಯನ್ನು ನಾಗಪುರವೂ ಮೈಸೂರೂ ಕಂಡಿವೆ. ಈ ಎರಡೂ ಊರುಗಳ ಉಪ್ಪು ತಿಂದ ನಾವು ಬೇರೆಯವರಿಗೆ ಅದನ್ನು ಬಡಿಸಲು ಹೊರಡಬಾರದು.

ಹಾಗಾದರೆ ಭಾರತ ಕೈಕಟ್ಟಿ ಕೂರಬೇಕೇ? ಕೂತೂ ಇಲ್ಲ. ರಾಯಭಾರ ಸಂಬಂಧವಿಲ್ಲದಿದ್ದರೂ 1995ರಿಂದ ಎರಡೂ ಕಡೆ ಕಚೇರಿಗಳಿವೆ. 2018ರಲ್ಲಿ ಬಂಡವಾಳದ ಒಪ್ಪಂದವಾಯಿತು. 2024ರಲ್ಲಿ ನಮ್ಮ ಮುಂಬಯಿಯಲ್ಲೂ ತೈವಾನಿನ ಕಚೇರಿ ತೆರೆಯಿತು. ಅದೇ ವರ್ಷ ಫೆಬ್ರವರಿಯಲ್ಲಿ ನಮ್ಮ ಕೆಲಸಗಾರರು ಅಲ್ಲಿಗೆ ಹೋಗುವ ಬಗ್ಗೆ ಒಡಂಬಡಿಕೆಗೆ ಸಹಿ ಬಿತ್ತು. ಮೂರನೆಯವರ ಕತ್ತು ಹಿಡಿಯದೆಯೇ ಇಷ್ಟು ನಡೆದಿದೆ.

ನಮಗೆ ಕಾಯಿದೆ ಬೇಕಾದದ್ದು ಬೇರೆ ಕಡೆ. 2020ರ ಡಿಸೆಂಬರಿನಲ್ಲಿ ಕೋಲಾರದ ನರಸಾಪುರದಲ್ಲಿದ್ದ ತೈವಾನಿನ ವಿಸ್ಟ್ರಾನ್ ಕಾರ್ಖಾನೆಯಲ್ಲಿ, ಸಂಬಳ ಸರಿಯಾಗಿ ಬರುತ್ತಿಲ್ಲವೆಂದು ಸಿಟ್ಟಿಗೆದ್ದ ಕೆಲಸಗಾರರು ಗಾಜು ಒಡೆದರು, ಯಂತ್ರ ಹಾಳುಮಾಡಿದರು. ಒಡೆದದ್ದು ತಪ್ಪು. ಆದರೆ ದುಡಿದವನ ಕೂಲಿ ಹೊತ್ತಿಗೆ ಸರಿಯಾಗಿ ಕೈಸೇರುವಂತೆ ನೋಡಿಕೊಂಡಿದ್ದರೆ ಆ ದಿನ ಬರುತ್ತಿತ್ತೇ? ಗುತ್ತಿಗೆದಾರರ ಲೆಕ್ಕಪುಸ್ತಕವನ್ನು ನೋಡುವವರು ಯಾರು? 2023ರಲ್ಲಿ ಆ ಕಾರ್ಖಾನೆ ಟಾಟಾದವರ ಕೈಗೆ ಬಂತು, ಪ್ರಶ್ನೆ ಹಾಗೆಯೇ ಉಳಿಯಿತು. ನಾಳೆ ನಮ್ಮ ಹುಡುಗರು ತೈವಾನಿಗೆ ಹೋದಾಗ ದಲ್ಲಾಳಿ ಅವರ ಮನೆಯವರನ್ನು ಸಾಲಕ್ಕೆ ದೂಡದಂತೆ ನೋಡಿಕೊಳ್ಳುವವರು ಯಾರು? ಇದಕ್ಕೆಂದೇ 1983ರಲ್ಲಿ ನಾವು ಮಾಡಿಕೊಂಡ ವಲಸೆ ಕಾಯಿದೆಯೊಂದಿತ್ತಲ್ಲ! ಅದು ಕಾಗದದ ಮೇಲೆ ಇದ್ದರೆ ಸಾಲದು, ಹಳ್ಳಿಯ ಹುಡುಗನಿಗೆ ನೆರಳಾಗಬೇಕು.

ಮಿತ್ರನಿಗೆ ನೆರವಾಗುವ ಕಾಯಿದೆ ಮೊದಲು ನಮ್ಮನ್ನು ಕಟ್ಟಬೇಕು, ನೆರೆಯವರನ್ನಲ್ಲ. ಕೊಟ್ಟ ಮಾತು ಉಳಿಸಿಕೊಳ್ಳುವ ಮನೆಗೆ ನೆಂಟರು ತಾವಾಗಿಯೇ ಬರುತ್ತಾರೆ. ಊರು ಬಿಟ್ಟು ಬಂದು ಇಲ್ಲಿ ನೆಲೆ ಕಂಡ ನಮ್ಮ ಹಿರಿಯರು ಈ ಊರಿನ ವಿಶ್ವಾಸ ಗಳಿಸಿದ್ದು ಹಾಗೆಯೇ. ತರುಣ ಮಿತ್ರರು ಯೋಚಿಸಲಿ. ಮುಂದಿನ ಸಭೆಯಲ್ಲಿ ಉತ್ತರ ಕೊಡಲಿ. ಆದರೆ ಹೋಳಿಗೆ ಬರುವುದಕ್ಕೆ ಮೊದಲೇ ಮಾತು ಶುರುಮಾಡೋಣ.